ನೀವು ಕೇಳಿದಿರಿ: ನಾತಾಳದ ಅಪರೂಪದ ಹಾಡುಗಳು

ಕ್ರಿಸ್‌ಮಸ್ (ನಾತಾಳದ) ಹಾಡುಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಕಾರವಾರದಿಂದ ಭಟ್ಕಳದ ತನಕ ಕರಾವಳಿಯಿಂದ ಬಂದಷ್ಟೇ ಪತ್ರಗಳು ಘಟ್ಟದ ಮೇಲಿನಿಂದಲೂ ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ. ಹಾರ್ಮೋನಿಯಂ ಬಲ್ಲವರಿಗೆ ಅನುಕೂಲವಾಗಲೆಂದು ಸ್ವರಗಳನ್ನು ಸರಿಗಮದಲ್ಲೇ ಕೊಟ್ಟಿದ್ದೇವೆ.

ಪ್ರಶ್ನೆ: ಆರ್ಗನ್ನಿನ ತಿದಿಯನ್ನು ಇಲಿ ಕಡಿದದ್ದರಿಂದ 'ಸೈಲೆಂಟ್ ನೈಟ್' ಗಿಟಾರಿನಲ್ಲಿ ಹುಟ್ಟಿತು ಎನ್ನುತ್ತಾರೆ. ನಿಜವೇ? ಇನ್ನೊಂದು ವಿಷಯ: ನಮ್ಮ ಇಗರ್ಜಿಯಲ್ಲಿ ಈ ಹಾಡಿನ ಕೊನೆ ಬಂದಾಗ ಅರ್ಧ ಜನರ ಗಂಟಲು ಕಟ್ಟುತ್ತದೆ. (ಹೊನ್ನಾವರ)

ಇಲಿಯ ಕಥೆ ಕೇಳಲು ಚೆಂದ, ಆಧಾರ ಮಾತ್ರ ಇಲ್ಲ. ಪದ್ಯ ಬರೆದವರು ಜೋಸೆಫ್ ಮೋರ್ ಎಂಬ ಪಾದ್ರಿ, 1816ರಲ್ಲಿ, ಆಸ್ಟ್ರಿಯದ ಮರಿಯಾಫಾರ್ ಎಂಬ ಊರಿನಲ್ಲಿ. ಎರಡು ವರ್ಷ ಕಳೆದು, 1818ರ ಡಿಸೆಂಬರ್ 24ರಂದು, ಓಬರ್ನ್‌ಡಾರ್ಫ್‌ನಲ್ಲಿ ಅವರು ಆ ಪದ್ಯವನ್ನು ಪಕ್ಕದೂರಿನ ಶಾಲಾ ಮಾಸ್ತರ ಫ್ರಾಂಜ್ ಕ್ಸೇವರ್ ಗ್ರೂಬರ್ ಕೈಗೆ ಕೊಟ್ಟು, ಇಬ್ಬರು ಹಾಡುವಂತೆ ಗಿಟಾರ್ ಜತೆಗೆ ರಾಗ ಹಾಕಿಕೊಡಿ ಎಂದರು. ಅದೇ ರಾತ್ರಿ ಸೇಂಟ್ ನಿಕೋಲಸ್ ಇಗರ್ಜಿಯಲ್ಲಿ ಇಬ್ಬರೂ ಹಾಡಿದರು. 1854ರಲ್ಲಿ ಗ್ರೂಬರ್ ತಾವೇ ಇದನ್ನೆಲ್ಲ ಬರೆದಿಟ್ಟಿದ್ದಾರೆ. ಅದರಲ್ಲಿ ಇಲಿಯೂ ಇಲ್ಲ, ಕೆಟ್ಟ ಆರ್ಗನ್ನೂ ಇಲ್ಲ.

ಗಂಟಲು ಕಟ್ಟುವುದಕ್ಕೆ ಕಾರಣ ಹಾಡಿನ ಹರವು. ಕೊನೆಯ ಸಾಲು ಎರಡು ಸಲ ಬರುತ್ತದಲ್ಲ, ಮೊದಲ ಸಲ ಅದು ತಾರಸ್ಥಾಯಿಯಲ್ಲಿ ರೇ ರೇ ಮಾ ರೇ ಎಂದು ಮೇಲೇರುತ್ತದೆ. ಎರಡನೇ ಸಲ ಸಾ ಪಾ ಗಾ, ಪಾ ಮಾ ರೇ, ಸಾ ಎಂದು ಮಧ್ಯ ಷಡ್ಜಕ್ಕೆ ಇಳಿಯುತ್ತದೆ. ಅಂದರೆ ಮಧ್ಯ ಸಾದಿಂದ ತಾರ ಮಾ ತನಕ ಹನ್ನೊಂದು ಸ್ವರ. ಇಷ್ಟು ಹರವು ಸಭೆಯ ಸಾಮಾನ್ಯ ದನಿಗೆ ಹೆಚ್ಚೇ. ಮೋರ್ ಕೈಬರಹದಲ್ಲಿ ಹಾಡು ಇರುವುದು ಬಿಳಿ 2ರ (ಹಾರ್ಮೋನಿಯಂನ ಎರಡನೇ ಬಿಳಿ ಕೀ, ಅಂದರೆ ಡಿ) ಶ್ರುತಿಯಲ್ಲಿ. ತಾರ ಮಾ ಬಿಳಿ 5ಕ್ಕೆ ಹೋಗುತ್ತದೆ. ಅದು ಪಳಗಿದ ಇಬ್ಬರಿಗೆ ಬರೆದದ್ದು. ನೀವು ಷಡ್ಜವನ್ನು ಕೆಳಗಿನ ಕಪ್ಪು 5ಕ್ಕೆ ಇಳಿಸಿ. ತಾರ ಮಾ ಆಗ ಕಪ್ಪು 2ರಲ್ಲಿ ನಿಲ್ಲುತ್ತದೆ, ಎಲ್ಲರಿಗೂ ಎಟಕುತ್ತದೆ. ಗಿಟಾರ್‌ನವರು ಮೂರನೇ ಮನೆಗೆ ಕ್ಯಾಪೋ ಹಾಕಿ ಜಿ ಮೇಜರ್ ಹಿಡಿತಗಳಲ್ಲೇ ನುಡಿಸಲಿ. ಕೀಬೋರ್ಡಿನಲ್ಲಿ ಸಿ ಮೇಜರ್‌ನಲ್ಲಿ ನುಡಿಸುವವರು ಟ್ರಾನ್ಸ್‌ಪೋಸ್ ಮೈನಸ್ 2 ಇಟ್ಟರೆ ಸಾಕು.

ಇನ್ನೊಂದು ತಪ್ಪು ತಾಳದ್ದು. ಇದು ತೊಟ್ಟಿಲ ನಡೆಯ ಹಾಡು, ಆರು ಮಾತ್ರೆಗೆ ಎರಡು ತೂಗು. ಆರನ್ನೂ ಒಂದೊಂದಾಗಿ ಎಣಿಸಿದರೆ ಹಾಡು ಜಡವಾಗಿ ಶ್ರುತಿ ಜಾರುತ್ತದೆ. ತಬಲಾ ಇದ್ದರೆ ಆರು ಮಾತ್ರೆಯ ದಾದರಾ ತಾಳ ಹೊಂದುತ್ತದೆ, ಭಜನೆಯ ವೇಗ ಮಾತ್ರ ಬೇಡ.

ಪ್ರಶ್ನೆ: ಪ್ರತಿವರ್ಷ ಅವೇ ಐದಾರು ಹಾಡು. ನಮ್ಮ ತಂಡದಲ್ಲಿರುವುದು ಒಂದು ಹಾರ್ಮೋನಿಯಂ, ಒಂದು ಗಿಟಾರ್, ಹನ್ನೆರಡು ದನಿ. ಹೊಸದಾಗಿ ಏನು ಕಲಿಯಬಹುದು? (ಕಾರವಾರ)

ಮೊದಲು ಇಟಲಿಯ 'ತೂ ಷೆಂದಿ ದಾಲ್ಲೆ ಸ್ತೆಲ್ಲೆ' ಕಲಿಯಿರಿ. 'ನಕ್ಷತ್ರಗಳಿಂದ ಇಳಿದು ಬರುತ್ತೀ' ಎಂದು ಅರ್ಥ. ಕಥೋಲಿಕ ಪಾದ್ರಿಗಳ ರೆಡೆಂಪ್ಟರಿಸ್ಟ್ ಸಭೆ ಕಟ್ಟಿದ ಸಂತ ಅಲ್ಫೋನ್ಸಸ್ ಲಿಗೋರಿ 1754ರಲ್ಲಿ ಬರೆದದ್ದು. ಸ್ವರ್ಗದ ಅರಸ ಚಳಿಯಲ್ಲಿ ನಡುಗುತ್ತ ಗವಿಗೆ ಬಂದನಲ್ಲ ಎಂಬ ಬೆರಗೇ ಹಾಡಿನ ತಿರುಳು. ಆ ಕಾಲದಲ್ಲಿ ನಾತಾಳದ ನೊವೇನದ (ಒಂಬತ್ತು ದಿನದ ಪ್ರಾರ್ಥನೆಯ) ದಿನಗಳಲ್ಲಿ ಬೆಟ್ಟದ ಕುರುಬರು ತೊಗಲು ಚೀಲದ ವಾದ್ಯ 'ಜಂಪೋನ್ಯ' ಊದುತ್ತ ಪಟ್ಟಣಕ್ಕೆ ಇಳಿಯುತ್ತಿದ್ದರು. ಹಾಡಿನ ನಡೆ ಅವರದೇ. ಜಂಪೋನ್ಯದಲ್ಲಿ ಒಂದೆರಡು ಕೊಳವೆ ಒಂದೇ ಸ್ವರವನ್ನು ಬಿಡದೆ ಹಿಡಿದಿರುತ್ತವೆ. ಆದ್ದರಿಂದ ನಿಮ್ಮ ಹಾರ್ಮೋನಿಯಂನಲ್ಲಿ ಸಾ ಮತ್ತು ಪಾ ಒತ್ತಿ ಹಿಡಿದರೆ ಮೂಲದ ನಾದಕ್ಕೆ ಹತ್ತಿರವಾಗುತ್ತದೆ. ಶ್ರುತಿಪೆಟ್ಟಿಗೆಯೂ ನಡೆದೀತು. ಮೂರು ಮಾತ್ರೆಗೊಮ್ಮೆ ನೆಲ ಗುದ್ದಿದಂತೆ ಹಾಡಬಾರದು. ಆರು ಮಾತ್ರೆಯ ತೂಗು ಉಳಿಯಬೇಕು.

ಎರಡನೆಯದು ಸ್ಪೇನಿನ 'ರೀವು ರೀವು ಚೀವು'. 1556ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಹಾಡಿನ ಪುಸ್ತಕದ್ದು. ಆ ಪುಸ್ತಕದ ಉಳಿದಿರುವ ಒಂದೇ ಪ್ರತಿ ಸ್ವೀಡನ್ನಿನ ಉಪ್ಸಾಲಾದಲ್ಲಿದೆ. ಪಲ್ಲವಿಯ ಮೊದಲ ಪದಗಳಿಗೆ ಅರ್ಥವಿಲ್ಲ, ಅದು ಹಕ್ಕಿಯ ಕೂಗು. ದೇವರು ತೋಳನಿಂದ ನಮ್ಮ ಕುರಿಮರಿಯನ್ನು ಕಾದ ಎಂದು ಮುಂದಿನ ಮಾತು. ಪಲ್ಲವಿ ಎಲ್ಲರದು, ನುಡಿ ಒಬ್ಬರದು. ತಂಡದಲ್ಲಿ ಒಬ್ಬರೇ ಗಟ್ಟಿ ಹಾಡುಗಾರರಿದ್ದರೂ ಮಿಕ್ಕ ಹನ್ನೊಂದು ದನಿಗೆ ಕೆಲಸ ಇರುತ್ತದೆ. ವಾದ್ಯವೇ ಬೇಡ, ಚಪ್ಪಾಳೆ ಸಾಕು. ನುಡಿ ಮುಗಿಯುವ ಮೊದಲೇ ಗುಂಪು ಪಲ್ಲವಿಗೆ ನುಗ್ಗುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ಮುಂದಾಳು ಕೈಯೆತ್ತಿದಾಗಲೇ ಎತ್ತಿಕೊಳ್ಳುವ ಅಭ್ಯಾಸ ಮಾಡಿಸಿ.

ಮೂರನೆಯದು ಜರ್ಮನಿಯ 'ಎಸ್ ಇಸ್ಟ್ ಐನ್ ರೋಸ್'. 1599ರಲ್ಲಿ ಕೊಲೋನ್‌ನಲ್ಲಿ ಅಚ್ಚಾಯಿತು. ಈಗ ಎಲ್ಲ ಕಡೆ ಹಾಡುವ ನಾಲ್ಕು ದನಿಯ ಹೊಂದಿಕೆ 1609ರಲ್ಲಿ ಮಿಖಾಯೆಲ್ ಪ್ರೆಟೋರಿಯುಸ್ ಮಾಡಿದ್ದು. ಗುಲಾಬಿ ಎಂದುಕೊಂಡರೂ ಹಿನ್ನೆಲೆಯಲ್ಲಿರುವುದು ಯೆಶಾಯನ ಗ್ರಂಥದ 11ನೇ ಅಧ್ಯಾಯ: ಇಷಯನ ಬುಡದಿಂದ ಒಡೆದ ಚಿಗುರು. ಸಾಲುಗಳು ಸಮ ತಾಳಕ್ಕೆ ಕೂರುವುದಿಲ್ಲ, ಹಾಗಾಗಿ ತಬಲಾ, ಡ್ರಮ್ ಎರಡನ್ನೂ ಬದಿಗಿಡಿ. ಮಾತಿನ ಉಸಿರಿನಂತೆ ಹಾಡಿದರೆ ತಾನೇ ಸರಿಹೋಗುತ್ತದೆ.

ಕೆನಡಾದ ಹ್ಯೂರನ್ ಕ್ಯಾರಲ್ ಕೂಡ ಒಳ್ಳೆಯದೇ. ಯೇಸುಸಭೆಯ ಪಾದ್ರಿ ಜಾನ್ ದ ಬ್ರೆಬೂಫ್ 1640ರ ದಶಕದ ಆರಂಭದಲ್ಲಿ ವೆಂಡಾಟ್ (ಹ್ಯೂರನ್) ಜನರ ಭಾಷೆಯಲ್ಲೇ ಬರೆದದ್ದೆಂದು ಪ್ರಸಿದ್ಧಿ; ರಾಗ ಫ್ರಾನ್ಸಿನ ಜನಪದದ್ದು. ಇಂದು ಹಾಡುವ ಇಂಗ್ಲಿಷ್ ಪದಗಳು 1926ರವು, ಅನುವಾದವೆಂದು ತಿಳಿಯಬೇಡಿ. ಅದರಲ್ಲಿ ದೇವರಿಗೆ ಬಳಸಿದ 'ಗಿಚಿ ಮನಿಟೂ' ವೆಂಡಾಟ್ ಮಾತೇ ಅಲ್ಲ, ನೆರೆಯ ಆಲ್ಗಾಂಕ್ವಿಯನ್ ಭಾಷೆಗಳದ್ದು. ಕಾರ್ಯಕ್ರಮದ ಟಿಪ್ಪಣಿಯಲ್ಲಿ 'ಬುಡಕಟ್ಟಿನವರ ಮೂಲ ಪದ' ಎಂದು ಬರೆಯದಿದ್ದರೆ ಒಳ್ಳೆಯದು.

ಗಿಟಾರಿನ ಬಗ್ಗೆ ಒಂದು ಮಾತು. ಬೆಚ್ಚಗಿನ ಕೋಣೆಯಲ್ಲಿ ಶ್ರುತಿ ಮಾಡಿ ರಾತ್ರಿ ಹನ್ನೊಂದಕ್ಕೆ ಅಂಗಳಕ್ಕೆ ತಂದರೆ ಉಕ್ಕಿನ ತಂತಿ ಚಳಿಗೆ ಬಿಗಿದು ಶ್ರುತಿ ಏರುತ್ತದೆ. ಹಾರ್ಮೋನಿಯಂ ಏರುವುದಿಲ್ಲ, ಎರಡಕ್ಕೂ ಜಗಳ ಶುರು. ಗಿಟಾರನ್ನು ಹಾಡುವ ಜಾಗದಲ್ಲೇ ಕಾಲು ಗಂಟೆ ಇಟ್ಟು ಆಮೇಲೆ ಶ್ರುತಿ ಮಾಡಿ.

ಪ್ರಶ್ನೆ: 'ಕವೆಂಟ್ರಿ ಕ್ಯಾರಲ್' ಕೇಳಿದೆವು. ಹಬ್ಬದ ಹಾಡು ಇಷ್ಟೊಂದು ದುಃಖದ್ದೇಕೆ? ನಮ್ಮ ಕೀಬೋರ್ಡಿನವರು ನುಡಿಸಿದಾಗ ಕೊನೆ ಮಾತ್ರ ಬೇರೆ ಕೇಳುತ್ತದೆ. (ಸದಾಶಿವಗಡ)

ಇದು ಯೇಸುವಿಗೆ ಹಾಡಿದ ಜೋಗುಳವಲ್ಲ. ಹೆರೋದ ರಾಜ ಬೆತ್ಲೆಹೇಮಿನ ಎರಡು ವರ್ಷದೊಳಗಿನ ಗಂಡುಮಕ್ಕಳನ್ನು ಕೊಲ್ಲಿಸಲು ಆಜ್ಞೆ ಮಾಡಿದಾಗ ತಾಯಂದಿರು ತಮ್ಮ ಕೂಸುಗಳಿಗೆ ಹಾಡುವ ಜೋಗುಳ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಕಸುಬಿನ ಸಂಘಗಳು ಬೈಬಲ್ ಕಥೆಗಳನ್ನು ಬೀದಿಯಲ್ಲಿ ಆಡಿಸುತ್ತಿದ್ದವು. ಕುರಿ ಉಣ್ಣೆಯ ಕೆಲಸದವರು ಮತ್ತು ದರ್ಜಿಗಳ ಆಟದಲ್ಲಿ ಬರುವ ಹಾಡು ಇದು. ನಮ್ಮ ಕಡೆ ಬಯಲಾಟ ನೋಡಿದವರಿಗೆ ಆ ಸನ್ನಿವೇಶ ಊಹಿಸಿಕೊಳ್ಳುವುದು ಕಷ್ಟವಲ್ಲ: ಮೊದಲು ಹೆಂಗಳೆಯರ ಹಾಡು, ಅದರ ಬೆನ್ನಿಗೇ ಸೈನಿಕರ ಪ್ರವೇಶ. ಪದಗಳನ್ನು 1534ರಲ್ಲಿ ರಾಬರ್ಟ್ ಕ್ರೂ ಬರೆದಿಟ್ಟರು, ರಾಗ 1591ರದು. 1825ರಲ್ಲಿ ಥಾಮಸ್ ಶಾರ್ಪ್ ಇದನ್ನು ಅಚ್ಚು ಹಾಕಿಸಿದ್ದರಿಂದ ನಮಗೆ ದಕ್ಕಿತು. 1879ರಲ್ಲಿ ಬರ್ಮಿಂಗ್‌ಹ್ಯಾಮ್ ಗ್ರಂಥಾಲಯಕ್ಕೆ ಬೆಂಕಿ ಬಿದ್ದು ಕೈಬರಹ ಸುಟ್ಟುಹೋಯಿತು. 1940ರ ನವೆಂಬರ್ 14ರ ಬಾಂಬು ದಾಳಿಯಲ್ಲಿ ಕವೆಂಟ್ರಿಯ ಕೆಥೆಡ್ರಲ್ ನೆಲಕಚ್ಚಿತು. ಆ ವರ್ಷದ ಕ್ರಿಸ್‌ಮಸ್‌ಗೆ ಅದರ ಅವಶೇಷದ ನಡುವಿನಿಂದ ಬಿಬಿಸಿ ಮಾಡಿದ ಪ್ರಸಾರದಲ್ಲಿ ಈ ಹಾಡನ್ನೇ ಹಾಡಿದರು.

ಕೊನೆ ಬೇರೆ ಕೇಳುವುದಕ್ಕೆ ಕಾರಣ ಇದು. ಹಾಡಿನುದ್ದಕ್ಕೂ ಕೋಮಲ ಗಾಂಧಾರ, ಕಟ್ಟಕಡೆಯ ಮೇಳದಲ್ಲಿ (ಕಾರ್ಡಿನಲ್ಲಿ) ಮಾತ್ರ ಶುದ್ಧ ಗಾಂಧಾರ. ಜಿ ಮೈನರ್‌ನಲ್ಲಿ ನುಡಿಸುತ್ತಿದ್ದರೆ ಮುಕ್ತಾಯಕ್ಕೆ ಜಿ ಮೇಜರ್ ಒತ್ತಬೇಕು. ಕತ್ತಲಲ್ಲಿ ಹಣತೆ ಹಚ್ಚಿದಂತೆ ಆ ಒಂದು ಸ್ವರ. ಮೈನರ್‌ನಲ್ಲೇ ಮುಗಿಸಿದರೆ ಹಾಡು ಸಪ್ಪೆ. ಹಾಡುವವರಲ್ಲಿ ಯಾರಾದರೂ ಹಳೇ ಅಭ್ಯಾಸಕ್ಕೆ ಕೋಮಲ ಗಾಂಧಾರ ಹಿಡಿದರೆ ಎರಡೂ ಡಿಕ್ಕಿ ಹೊಡೆದು ಕರ್ಕಶವಾಗುತ್ತದೆ. ಕೊನೆಯ ಮೇಳವನ್ನಷ್ಟೇ ಬಿಡಿಯಾಗಿ ಹತ್ತು ಸಲ ಹಾಡಿಸಿ. ನಡುರಾತ್ರಿಯ ಪೂಜೆಗೆ ಈ ಹಾಡು ಬೇಡ. ಇದರ ದಿನ ಡಿಸೆಂಬರ್ 28, ನಿಷ್ಪಾಪ ಶಿಶುಗಳ ಸ್ಮರಣೆಯ ಹಬ್ಬ.

ಪ್ರಶ್ನೆ: 'ಆದೆಸ್ತೆ ಫಿದೇಲೆಸ್' (ಇಂಗ್ಲಿಷಿನಲ್ಲಿ 'ಓ ಕಮ್ ಆಲ್ ಯೀ ಫೇತ್ಫುಲ್') ಅನ್ನು ಹಳಬರು ಪೋರ್ಚುಗೀಸರ ಹಾಡು ಎನ್ನುತ್ತಿದ್ದರು. ಗೋವೆಯಿಂದ ಬಂದದ್ದೇ? (ಅಂಕೋಲಾ)

ಗೋವೆ ಪಕ್ಕದಲ್ಲೇ ಇರುವಾಗ ಹಾಗೆನಿಸುವುದು ಸಹಜ. ಆದರೆ 'ಪೋರ್ಚುಗೀಸ್ ಹಿಮ್' ಎಂಬ ಹೆಸರು ಹುಟ್ಟಿದ್ದು ಲಂಡನ್ನಿನಲ್ಲಿ. ಅಲ್ಲಿಯ ಪೋರ್ಚುಗೀಸ್ ರಾಯಭಾರ ಕಚೇರಿಯ ಪ್ರಾರ್ಥನಾ ಮಂದಿರದಲ್ಲಿ ಇದನ್ನು ಹಾಡುತ್ತಿದ್ದರು, ಕೇಳಿದವರು ಆ ಹೆಸರನ್ನೇ ಅಂಟಿಸಿದರು. ಪೋರ್ಚುಗಲ್ಲಿನ ದೊರೆ ನಾಲ್ಕನೇ ಜಾನ್ ಬರೆದನೆಂಬ ಮಾತಿಗೆ ಪುರಾವೆ ಇಲ್ಲ. ಸಿಕ್ಕಿರುವ ಹಳೆಯ ಪ್ರತಿಗಳು 1740ರ ದಶಕದವು. ಜಾನ್ ಫ್ರಾನ್ಸಿಸ್ ವೇಡ್ ಎಂಬ ಇಂಗ್ಲಿಷ್ ಕಥೋಲಿಕ ಲಿಪಿಕಾರನ ಕೈಬರಹದವು.

ಕಥೋಲಿಕ ಧರ್ಮಾಧ್ಯಕ್ಷರ ಎರಡನೇ ವ್ಯಾಟಿಕನ್ ಮಹಾಸಭೆಯ (1962-65) ನಂತರ ಪೂಜೆ ಆಯಾ ಭಾಷೆಗೆ ಬಂದು ಲ್ಯಾಟಿನ್ ಉಚ್ಚಾರ ಮರೆತೇಹೋಗಿದೆ. ಇಗರ್ಜಿಯ ರೂಢಿಯಂತೆ 'ವೆನೀತೆ ಆದೊರೇಮುಸ್ ದೋಮಿನುಮ್' ಎನ್ನಬೇಕು, ಕೊನೆಯ 'ತೆ'ಯನ್ನು ನುಂಗಬಾರದು. 'ಗ್ಲೋರಿಯಾ ಇನ್ ಎಕ್‌ಶೆಲ್ಸಿಸ್' ಎಂಬಲ್ಲಿ 'ಎಗ್ಸೆಲ್' ಎಂದರೆ ಇಂಗ್ಲಿಷ್ ಆಯಿತು. ಕನ್ನಡ, ಕೊಂಕಣಿ ನಾಲಿಗೆಗೆ ಈ ಶುದ್ಧ ಸ್ವರಗಳು ಇಂಗ್ಲಿಷ್ ಮಾತನಾಡುವವರಿಗಿಂತ ಸಲೀಸು. ಬರೆದಂತೆ ಓದಿದರೆ ಮುಕ್ಕಾಲು ಪಾಲು ಸರಿ.

ಪ್ರಶ್ನೆ: ಶಾಲೆಯ ಮಕ್ಕಳಿಗೆ 'ಕ್ಯಾರಲ್ ಆಫ್ ದ ಬೆಲ್ಸ್' ಕಲಿಸುತ್ತಿದ್ದೇವೆ. ಶುರುವಾದ ವೇಗ ಒಂದು, ಮುಗಿಯುವ ವೇಗ ಇನ್ನೊಂದು. ಏನು ಮಾಡಬೇಕು? (ಶಿರಸಿ)

ಹಾಡಿನ ಮೂಲ ತಿಳಿದರೆ ಮಕ್ಕಳು ಓಡುವುದು ಅರ್ಧ ನಿಲ್ಲುತ್ತದೆ. ಇದು ಉಕ್ರೇನಿನ 'ಶ್ಚೆದ್ರಿಕ್'. ಗಂಟೆಯೂ ಇಲ್ಲ, ಕ್ರಿಸ್ತಜನನವೂ ಇಲ್ಲ. ಒಂದು ಕವಲುತೋಕೆ ಹಕ್ಕಿ ಹಾರಿಬಂದು ಯಜಮಾನನನ್ನು ಕರೆದು, ಹೊರಗೆ ಬಾ, ಕೊಟ್ಟಿಗೆ ನೋಡು, ಕುರಿ ಮರಿ ಹಾಕಿವೆ, ನಿನಗೆ ಸಂಪತ್ತು ಬರಲಿದೆ, ಕಪ್ಪು ಹುಬ್ಬಿನ ಚೆಲುವೆ ಹೆಂಡತಿ ಇದ್ದಾಳೆ ಎನ್ನುತ್ತದೆ. ಹೊಸವರ್ಷಕ್ಕೆ ಮನೆಮನೆಗೆ ಹೋಗಿ ಹಾಡುವ ಹರಕೆಯ ಪದ. ಸಿದ್ದಾಪುರ, ಸಾಗರದ ಕಡೆ ದೀಪಾವಳಿಗೆ ದೀಪ ಹಿಡಿದು ಬರುವ ಅಂಟಿಗೆ-ಪಂಟಿಗೆಯವರು ಮನೆಯವರನ್ನು ಹರಸುವುದೂ ಇದೇ ಬಗೆ, ಮಕ್ಕಳಿಗೆ ಹಾಗೆಯೇ ಹೇಳಿಕೊಡಿ. ಹಕ್ಕಿ ಚಳಿಗಾಲದಲ್ಲಿ ಎಲ್ಲಿಂದ ಬಂತು ಎಂದು ಜಾಣ ಮಗು ಕೇಳೀತು. ಹೊಸವರ್ಷವನ್ನು ವಸಂತದಲ್ಲಿ ಎಣಿಸುತ್ತಿದ್ದ ಕಾಲದ ನೆನಪು ಅದು.

ಮಿಕೋಲಾ ಲೆಯೊಂತೊವಿಚ್ ಇದನ್ನು ಗುಂಪುಗಾಯನಕ್ಕೆ ಹೊಂದಿಸಿದ್ದು 1916ರಲ್ಲಿ ಕೀವ್‌ನಲ್ಲಿ ಮೊದಲು ಹಾಡಲ್ಪಟ್ಟಿತು. 1921ರ ಜನವರಿಯಲ್ಲಿ ಸೋವಿಯತ್ ಗುಪ್ತ ಪೊಲೀಸರ ಆಳೊಬ್ಬ ಅವರನ್ನು ಗುಂಡಿಟ್ಟು ಕೊಂದ. ಮರುವರ್ಷ ಅಮೆರಿಕದಲ್ಲಿ ಉಕ್ರೇನಿನ ತಂಡ ಹಾಡಿತು. ಗಂಟೆಗಳ ಇಂಗ್ಲಿಷ್ ಪದಗಳನ್ನು ಪೀಟರ್ ವಿಲ್ಹೌಸ್ಕಿ 1936ರಲ್ಲಿ ಕಟ್ಟಿದರು.

ಈಗ ವೇಗದ ಕಥೆ. ಇಡೀ ಹಾಡು ನಿಂತಿರುವುದು ಒಂದು ತುಣುಕಿನ ಮೇಲೆ: ಗ ರಿ ಗ ಸ, ಗಾಂಧಾರ ಕೋಮಲ. ಮೂರು ಮಾತ್ರೆ. ಮೊದಲ ಗ ಒಂದು ಮಾತ್ರೆ, ನಡುವಿನ ರಿ ಗ ಎರಡೂ ಸೇರಿ ಒಂದು, ಕೊನೆಯ ಸ ಒಂದು. ಮಕ್ಕಳು ನಡುವಿನ ಎರಡನ್ನು ತುರುಕಿ, ಕೊನೆಯ ಸ ಪೂರ್ತಿ ಹಿಡಿಯದೆ ಮುಂದಕ್ಕೆ ಹಾರುತ್ತಾರೆ. ಪ್ರತಿ ಸುತ್ತಿಗೆ ಚೂರು ಚೂರು ಸಮಯ ಕಳೆದು ಓಟ ಆಗುತ್ತದೆ. ಸ್ವರ ಬಿಟ್ಟು ಮೊದಲು 'ತಾ ತಕ ತಾ' ಎಂದು ಬರೀ ಬಾಯಿತಾಳ ಹೇಳಿಸಿ. ಮೆಟ್ರೊನೋಮ್ (ತಾಳ ಎಣಿಸುವ ಯಂತ್ರ) 80ರಲ್ಲಿ ಇಟ್ಟು ತಪ್ಪಿಲ್ಲದೆ ಬಂದ ಮೇಲಷ್ಟೇ 10 ಏರಿಸುತ್ತ ಹೋಗಿ. ಎಲ್ಲರೂ ಒಟ್ಟಿಗೆ ಉಸಿರೆಳೆದರೆ ಅಲ್ಲೊಂದು ತೂತು ಬೀಳುತ್ತದೆ. ಸಾಲಿನಲ್ಲಿ ನಿಂತವರಿಗೆ ಒಂದು, ಎರಡು ಎಂದು ಸಂಖ್ಯೆ ಕೊಟ್ಟು, ಒಂದರವರು ಎರಡನೇ ಸುತ್ತಿನ ನಂತರ, ಎರಡರವರು ಮೂರನೇ ಸುತ್ತಿನ ನಂತರ ಉಸಿರೆಳೆಯುವಂತೆ ಗೊತ್ತುಮಾಡಿ.

ಪ್ರಶ್ನೆ: 'ಜಿಂಗಲ್ ಬೆಲ್ಸ್' ಪದಗಳಲ್ಲಿ ಕ್ರಿಸ್‌ಮಸ್ ಎಲ್ಲಿದೆ? (ಕುಮಟಾ)

ಎಲ್ಲೂ ಇಲ್ಲ. ಜೇಮ್ಸ್ ಪಿಯರ್‌ಪಾಂಟ್ 1857ರಲ್ಲಿ ಒಂಟಿ ಕುದುರೆಯ ಹಿಮಬಂಡಿಯ ಮೋಜಿನ ಹಾಡಾಗಿ ಅಚ್ಚು ಹಾಕಿಸಿದ್ದು. ಹಿಮದ ಮೇಲೆ ಚಕ್ರವಿಲ್ಲದ ಬಂಡಿ ಸದ್ದಿಲ್ಲದೆ ಜಾರುತ್ತದೆ, ಎದುರಿನವರಿಗೆ ತಿಳಿಯಲೆಂದು ಕುದುರೆಗೆ ಗೆಜ್ಜೆ. 'ಜಾಯ್ ಟು ದ ವರ್ಲ್ಡ್' ಕೂಡ ಹಾಗೆಯೇ. ಐಸಾಕ್ ವಾಟ್ಸ್ 1719ರಲ್ಲಿ 98ನೇ ಕೀರ್ತನೆಯನ್ನು ಆಧರಿಸಿ ಬರೆದದ್ದು, ಗೋದಲಿ, ಕುರುಬರು, ನಕ್ಷತ್ರ ಯಾವುದೂ ಅದರಲ್ಲಿಲ್ಲ. 'ಗುಡ್ ಕಿಂಗ್ ವೆನ್ಸೆಸ್ಲಾಸ್' ರಾಗವಂತೂ 1582ರ 'ಪೀಯೆ ಕಾನ್ಸಿಯೋನೆಸ್' ಪುಸ್ತಕದ ವಸಂತಗೀತೆ.

ಪ್ರಶ್ನೆ: ನಮ್ಮಲ್ಲಿ ಡಿಸೆಂಬರ್ ಮೊದಲ ವಾರದಿಂದಲೇ ಎಲ್ಲ ಹಾಡೂ ಶುರು. ಯಾವುದು ಯಾವಾಗ ಎಂದು ಕ್ರಮ ಇದೆಯೇ? (ಹಳಿಯಾಳ)

ಇದೆ, ಮೊಬೈಲು ಮತ್ತು ಅಂಗಡಿಗಳು ಅದನ್ನು ಕಲಸಿಬಿಟ್ಟಿವೆ. ನಾತಾಳಕ್ಕೆ ಮುಂಚಿನ ನಾಲ್ಕು ಭಾನುವಾರ ಆಗಮನ ಕಾಲ, ಕಾಯುವ ಕಾಲ. ಆಗ ಪೂಜೆಯಲ್ಲಿ 'ಗ್ಲೋರಿಯಾ' ಎಂಬ ಸ್ತುತಿಗೀತೆ ಹಾಡುವುದಿಲ್ಲ. ಕಾಯುವ ಹಾಡೆಂದರೆ 'ಓ ಕಮ್ ಓ ಕಮ್ ಇಮ್ಯಾನುಯೆಲ್'. ಡಿಸೆಂಬರ್ 17ರಿಂದ 23ರ ತನಕ ಸಂಜೆ ಪ್ರಾರ್ಥನೆಗೆ ದಿನಕ್ಕೊಂದರಂತೆ ಬರುವ ಏಳು ಲ್ಯಾಟಿನ್ ಕರೆಗಳಿಂದ ಅದು ಹುಟ್ಟಿದೆ: ಸಾಪಿಯೆನ್ಸಿಯಾ, ಅದೊನಾಯಿ, ರಾದಿಕ್ಸ್, ಕ್ಲಾವಿಸ್, ಓರಿಯೆನ್ಸ್, ರೆಕ್ಸ್, ಎಮ್ಮಾನುವೇಲ್. ಲ್ಯಾಟಿನ್ ಮೊದಲಕ್ಷರಗಳನ್ನು ಹಿಂದಿನಿಂದ ಓದಿದರೆ 'ಎರೊ ಕ್ರಾಸ್' ಆಗುತ್ತದೆ. ಅರ್ಥ: 'ನಾಳೆ ಇರುತ್ತೇನೆ'. ಏಳನೆಯದು ಹಾಡುವುದು 23ರಂದು, ಮರುದಿನ ಜಾಗರಣೆ.

25ರಿಂದ ಗೋದಲಿಯ ಹಾಡುಗಳು. 26 ಸಂತ ಸ್ತೇಫನರ ದಿನ, ವೆನ್ಸೆಸ್ಲಾಸ್ ಹಾಡಿನ ಕಥೆ ನಡೆಯುವುದು ಅಂದೇ. 28ಕ್ಕೆ ಕವೆಂಟ್ರಿ, ಹೊಸವರ್ಷಕ್ಕೆ ಶ್ಚೆದ್ರಿಕ್. ಜನವರಿ 6 ಮೂವರು ರಾಜರ ಹಬ್ಬ. ಗೋವೆಯ ಕಾನ್ಸಾವ್ಲಿ, ಚಾಂದೋರ್ ಕಡೆ ಅದರ ಸಂಭ್ರಮವನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ರಾಜರ ಹಾಡುಗಳನ್ನು ಅಲ್ಲಿಯ ತನಕ ಉಳಿಸಿಕೊಳ್ಳಿ. ಮನೆಮನೆ ಕ್ಯಾರಲ್‌ಗೆ ಇಷ್ಟು ಬಿಗಿ ಬೇಕಿಲ್ಲ.

ಪ್ರಶ್ನೆ: ಹಳೆಯ ರಾಗಗಳಿಗೆ ಕನ್ನಡ ಪದ ಬರೆಯುತ್ತಿದ್ದೇವೆ. ಓದಲು ಚೆನ್ನಾಗಿದ್ದದ್ದು ಹಾಡಲು ಕೆಡುತ್ತದೆ. (ಯಲ್ಲಾಪುರ)

ತಪ್ಪು ಹೆಚ್ಚಾಗಿ ಲಘು-ಗುರುವಿನಲ್ಲಿ. ಉದ್ದ ಸ್ವರದ ಮೇಲೆ ಲಘು ಅಕ್ಷರ ಕೂತರೆ ಕನ್ನಡದಲ್ಲಿ ಅರ್ಥವೇ ತಿರುಗುತ್ತದೆ. 'ಮಗು' ಎಳೆದರೆ 'ಮಾಗು', 'ಹಸು' ಎಳೆದರೆ 'ಹಾಸು', 'ಕುರಿ' ಎಳೆದರೆ 'ಕೂರಿ'. ಗೋದಲಿಯ ಅರ್ಧ ಪರಿವಾರ ಇಲ್ಲೇ ಕೆಟ್ಟಿತಲ್ಲ! ಉದ್ದ ಸ್ವರಕ್ಕೆ 'ಕಂದ', 'ಗೋವು', 'ತಾಯಿ'ಯಂಥ ಗುರು ಮೊದಲಾದ ಪದ ಇಡಿ.

ಎರಡನೆಯದು ಸಾಲಿನ ಕೊನೆ. ಇಂಗ್ಲಿಷ್, ಜರ್ಮನ್ ಸಾಲು ಒಂದಕ್ಷರದ ಪದದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ; ಕನ್ನಡ ಪದ ಹ್ರಸ್ವ ಸ್ವರಕ್ಕೆ ಮುಗಿಯುತ್ತದೆ. 'ಸೈಲೆಂಟ್ ನೈಟ್' ಮೊದಲ ತುಣುಕು ಪಾ ಧಾ ಪಾ ಗಾ. ಮಾತ್ರೆ ಒಂದೂವರೆ, ಅರ್ಧ, ಒಂದು, ಮೂರು. ಕೊನೆಯ ಗಾಗೆ 'ರಾತ್ರಿ' ಹಾಕುವುದಾದರೆ ಅದನ್ನೇ ಒಡೆದು 'ರಾ'ಗೆ ಎರಡು, 'ತ್ರಿ'ಗೆ ಒಂದು ಕೊಡಿ. 'ರಾತ್ರೀ' ಎಂದು ಎಳೆಯಬೇಡಿ.

ಮೂರನೆಯದು ಎತ್ತುಗಡೆ. ಎಷ್ಟೋ ಇಂಗ್ಲಿಷ್ ಸಾಲುಗಳು ಪೆಟ್ಟಿಗಿಂತ ಮೊದಲು ಒಂದು ಹಗುರ ಅಕ್ಷರದಿಂದ ಹೊರಡುತ್ತವೆ. ಕನ್ನಡದಲ್ಲಿ ಪೆಟ್ಟು ಪದದ ಮೊದಲಕ್ಕೇ. ಆ ಸಂದು ತುಂಬಲು ಸಾಲುಸಾಲಿಗೂ 'ಓ' ಸೇರಿಸಿದರೆ ಕೇಳುವವರಿಗೆ ಬೇಸರ. ಪೆಟ್ಟಿನಿಂದಲೇ ಹೊರಡುವ ರಾಗಗಳನ್ನು ಆರಿಸಿ: 'ಸೈಲೆಂಟ್ ನೈಟ್', ವೆನ್ಸೆಸ್ಲಾಸ್, ಶ್ಚೆದ್ರಿಕ್ ಮೂರೂ ಹಾಗಿವೆ. ಆರು ಮಾತ್ರೆಯ ತೂಗುಹಾಡಿಗೆ ಮೂರು ಮಾತ್ರೆ ಗಣದ ಭೋಗ ಷಟ್ಪದಿಯ ನಡೆ ತಾನಾಗಿ ಕೂರುತ್ತದೆ, ನಾಲ್ಕರ ನಡೆಗೆ ಶರ ಷಟ್ಪದಿ. ಭಾಮಿನಿಯ ಮೂರು-ನಾಲ್ಕು ಎರಡಕ್ಕೂ ಒಗ್ಗದು. ನಿಘಂಟಿನ ಕಿಟೆಲ್ ಕ್ರಿಸ್ತನ ಕಥೆಯನ್ನು 'ಕಥಾಮಾಲೆ'ಯಾಗಿ ಬರೆದಾಗ ಜರ್ಮನ್ ರಾಗ ಬಿಟ್ಟು ಇಲ್ಲಿಯ ಪದ್ಯದ ನಡೆಗೇ ಬಂದರು. ಸಾಲಿನ ಕೊನೆಗೆ ಪ್ರಾಸ ಹುಡುಕಿ ಹೆಣಗಬೇಡಿ. ಆದಿಪ್ರಾಸ ನಮ್ಮ ಕಿವಿಗೆ ಇನ್ನೂ ಹಿತ.

ಪ್ರಶ್ನೆ: 'ಟ್ವೆಲ್ವ್ ಡೇಸ್ ಆಫ್ ಕ್ರಿಸ್‌ಮಸ್' ಹಾಡಿನಲ್ಲಿ ಒಟ್ಟು ಎಷ್ಟು ಉಡುಗೊರೆ? (ಭಟ್ಕಳ)

364. ಮೊದಲ ದಿನ ಒಂದು, ಎರಡನೇ ದಿನ ಹೊಸದಾಗಿ ಎರಡು, ಹೀಗೆ ಏರುತ್ತ ದಿನದಿನವೂ ಹಿಂದಿನದೆಲ್ಲ ಮತ್ತೆ ಬರುತ್ತದೆ, ಆದ್ದರಿಂದ 12, 13, 14 ಗುಣಿಸಿ 6ರಿಂದ ಭಾಗಿಸಿದರೆ ಲೆಕ್ಕ ಸಿಗುತ್ತದೆ. ಕೊನೆಯ ದಿನದ್ದೇ 78. ಎಲ್ಲಕ್ಕಿಂತ ಹೆಚ್ಚು ಬರುವುದು ಬಾತು ಮತ್ತು ಹಂಸ, ತಲಾ 42. ಇದು 1780ರ ಸುಮಾರಿಗೆ ಅಚ್ಚಾದ ನೆನಪಿನ ಆಟ, ತಪ್ಪಿದವರು ದಂಡ ತೆರಬೇಕಿತ್ತು. ನಾಲ್ಕನೇ ದಿನದ 'ಕಾಲಿಂಗ್ ಬರ್ಡ್ಸ್' ಮೊದಲು 'ಕಾಲಿ ಬರ್ಡ್ಸ್' ಆಗಿತ್ತು, ಅಂದರೆ ಇದ್ದಿಲಿನಷ್ಟು ಕಪ್ಪು ಹಕ್ಕಿ. ಐದು ಚಿನ್ನದುಂಗುರದ ಉದ್ದನೆಯ ಎಳೆತ 1909ರಲ್ಲಿ ಫ್ರೆಡರಿಕ್ ಆಸ್ಟಿನ್ ಸೇರಿಸಿದ್ದು. ಹಾಡು ಮುಗ್ಗರಿಸುವುದೂ ಅಲ್ಲೇ, ಒಬ್ಬೊಬ್ಬರು ಒಂದೊಂದು ಹೊತ್ತು ಎಳೆಯುತ್ತಾರೆ. ಉಂಗುರದ ಸಾಲನ್ನು ಒಬ್ಬರಿಗೇ ವಹಿಸಿ, ಉಳಿದವರು ಅವರ ಮುಖ ನೋಡಿಕೊಂಡು ಮುಂದಿನದನ್ನು ಎತ್ತಿಕೊಳ್ಳಲಿ.